ನೀರಿನ ಬೆನ್ನು ಹಿಡಿದು

ಸ್ವಿಟ್ಜರ್ಲೆಂಡಿನ ಲುಸೆರ್ನ್‌ಗೆ ಅರ್ಧ ದಿನ ಸಾಕು, ಉಳಿದರ್ಧದಲ್ಲಿ ಟಿಟ್ಲಿಸ್ ಬೆಟ್ಟ ಹತ್ತಿ ಇಳಿಯಬಹುದು ಎಂದು ಲೆಕ್ಕ ಹಾಕುವ ಗೆಳೆಯರು ಪ್ರತಿ ಗುಂಪಿನಲ್ಲೂ ಇರುತ್ತಾರೆ. ಜ್ಯೂರಿಕ್‌ನಲ್ಲಿ ಹತ್ತಿದ ರೈಲು ಮುಕ್ಕಾಲು ಗಂಟೆಯಲ್ಲಿ ಲುಸೆರ್ನ್ ಮುಟ್ಟುವುದರೊಳಗೆ ಅವರ ಮೊಬೈಲಿನಲ್ಲಿ ದಿನದ ಪಟ್ಟಿ ತಯಾರು: ಮರದ ಸೇತುವೆ, ಸಿಂಹ, ಚಾಕೊಲೇಟ್, ಹಿಮ. ಈ ಬೇಸಿಗೆಯಲ್ಲಿ ನಾವು ಹೋದಾಗಲೂ ಅದೇ ಪಟ್ಟಿ, ಅದೇ ಅವಸರ.

ಸರೋವರದ ಊರಿಗೆ ಒಂದು ದಿನದ ಮಟ್ಟಿಗೆ ಹೋದವರು ನೀರಿನ ಬೆನ್ನು ಹಿಡಿಯಬೇಕು ಎನ್ನುವುದು ನನ್ನ ಪದ್ಧತಿ. ಲುಸೆರ್ನ್ ಇದಕ್ಕೆಂದೇ ಕಟ್ಟಿದಂತಿದೆ. ನಿಲ್ದಾಣದ ಬಾಗಿಲು ದಾಟಿದರೆ ಸರೋವರ. ಎಡಕ್ಕೆ ತಿರುಗಿದರೆ ಅದೇ ನೀರು ರೊಯಿಸ್ ನದಿಯಾಗಿ ಹೊರಬೀಳುತ್ತದೆ. ಹರಿವಿನ ಜೊತೆ ನಡೆಯುತ್ತ ಹೋದರೆ ಒಂದು ಕಿಲೋಮೀಟರಿನೊಳಗೆ ಊರಿನ ಆರು ಶತಮಾನ ಕಣ್ಣೆದುರು ಬರುತ್ತದೆ.

ಮೊದಲು ಸಿಗುವುದು 14ನೆಯ ಶತಮಾನದ ಕಪೆಲ್‌ಬ್ರೂಕೆ. ಇನ್ನೂರು ಮೀಟರ್ ಉದ್ದದ, ಮಾಡು ಹೊದಿಸಿದ ಮರದ ಸೇತುವೆ ಅದು; ನದಿಯನ್ನು ಓರೆಯಾಗಿ ದಾಟುತ್ತದೆ. 1993ರ ಆಗಸ್ಟ್‌ನ ಒಂದು ರಾತ್ರಿ ಬೆಂಕಿ ಬಿದ್ದು ನಡುಭಾಗ ಉರಿದುಹೋಯಿತು. ಮಾಡಿನಡಿಯ ತ್ರಿಕೋನ ಚಿತ್ರಗಳಲ್ಲಿ ಬಹುಪಾಲು ಬೂದಿಯಾದವು. ಮರುವರ್ಷ ಏಪ್ರಿಲ್‌ಗೆಲ್ಲ ಸೇತುವೆ ಮತ್ತೆ ತೆರೆಯಿತು. ತುದಿಗಳ ಹಳೆಯ ಮರಕ್ಕೂ ನಡುವಿನ ಹೊಸ ಮರಕ್ಕೂ ಬಣ್ಣದಲ್ಲೇ ವ್ಯತ್ಯಾಸ ಕಾಣುತ್ತದೆ. ಆದರೆ ತಲೆ ಎತ್ತುವವರು ಯಾರು? ಹೂಕುಂಡಗಳಿಗೆ ಒರಗಿ, ಚಿತ್ರಗಳಿಗೆ ಬೆನ್ನು ಹಾಕಿ, ದಾರಿಗೆ ಅಡ್ಡ ನಿಂತು ರೀಲ್ಸ್ ಮಾಡುವುದರಲ್ಲೇ ಎಲ್ಲರೂ ಮಗ್ನ.

ಇನ್ನೂ ಸ್ವಲ್ಪ ಕೆಳಗೆ ಹೋದರೆ ನನಗೆ ಇಡೀ ಊರಿಗಿಂತ ಪ್ರಿಯವಾದ ಜಾಗವಿದೆ: ಸೂಜಿ ಅಣೆಕಟ್ಟು. 1860ರ ಹೊತ್ತಿಗೆ ಕಟ್ಟಿದ್ದು. ಕಬ್ಬಿಣದ ಚೌಕಟ್ಟಿಗೆ ಒರಗಿಸಿ ಉದ್ದನೆಯ ಮರದ ತೊಲೆಗಳನ್ನು ಒತ್ತೊತ್ತಾಗಿ ನಿಲ್ಲಿಸಿದ್ದಾರೆ, ಅವೇ ಸೂಜಿಗಳು. ಬೆಟ್ಟದ ಹಿಮ ಕರಗಿ ಸರೋವರ ಏರತೊಡಗಿದರೆ ಕೆಲಸದವರು ಬಂದು ತೊಲೆಗಳನ್ನು ಕೈಯಿಂದಲೇ ಕಿತ್ತು ನೀರಿಗೆ ದಾರಿ ಬಿಡುತ್ತಾರೆ. ಚಳಿಗಾಲದಲ್ಲಿ ನೀರು ಇಳಿದಾಗ ಮತ್ತೆ ಒಂದೊಂದಾಗಿ ಇಳಿಬಿಡುತ್ತಾರೆ. 114 ಚದರ ಕಿಲೋಮೀಟರ್ ಹರಡಿರುವ ಸರೋವರದ ಮಟ್ಟವನ್ನು ಈ ಮರದ ತುಂಡುಗಳು ಕಾಯುತ್ತವೆ! ನಮ್ಮ ಕರಾವಳಿಯ ಕಿಂಡಿ ಅಣೆಕಟ್ಟಿಗೆ ಮಳೆಗಾಲ ಮುಗಿದ ಮೇಲೆ ಹಲಗೆ ಹಾಕುವುದನ್ನು ಕಂಡವರಿಗೆ ಇದರ ಮರ್ಮ ಕೂಡಲೇ ಹೊಳೆಯುತ್ತದೆ. ಎಷ್ಟು ತೊಲೆ ಕಿತ್ತರೆ ಎಷ್ಟು ನೀರು ಹೋಗುತ್ತದೆ ಎಂಬ ಅಂದಾಜು ಕೈಗೆ ಹತ್ತಬೇಕಾದ ವಿದ್ಯೆ. ತೊಲೆಗಳ ಸಂದಿನಲ್ಲಿ ನುಗ್ಗಿ ಬಿಳಿ ನೊರೆಯಾಗಿ, ಮರುಕ್ಷಣ ಹಸಿರಾಗಿ ಸರಿಯುವ ನೀರನ್ನು ನಾನು ಗಂಟೆಗಟ್ಟಲೆ ನೋಡಬಲ್ಲೆ.

"ಎಂತ ಮಾರಾಯ, ಎಷ್ಟು ಹೊತ್ತು ನೀರು ನೋಡುವುದು? ಟಿಟ್ಲಿಸ್‌ಗೆ ಹೋಗ್ಲಿಕ್ಕಿಲ್ವಾ?" ಎಂದ ಗೆಳೆಯ. "ನೀವು ಹೋಗಿ ಬನ್ನಿ, ನಾನಿಲ್ಲೇ ಇರ್ತೇನೆ" ಎಂದೆ. ಹೋದರು. ಅಲ್ಲಿ ಶಾರುಖ್–ಕಾಜೋಲ್ ಕಟೌಟ್ ಪಕ್ಕ ನಿಂತ ಫೋಟೊ ನನಗೂ ಬಂತು.

ಅಣೆಕಟ್ಟಿನ ಬದಿಯಲ್ಲೇ ಇರುವ ಸ್ಪ್ರೊಯರ್‌ಬ್ರೂಕೆಯನ್ನಾದರೂ ಅವರು ನೋಡಬೇಕಿತ್ತು. ಒಂದು ಕಾಲದಲ್ಲಿ ಗಿರಣಿಗಳ ಹೊಟ್ಟನ್ನು ಈ ಸೇತುವೆಯಿಂದ ಮಾತ್ರ ನದಿಗೆ ಸುರಿಯಬಹುದಿತ್ತು. ಹರಿವಿನಲ್ಲಿ ಇದೇ ಕೊನೆಯದಾದ್ದರಿಂದ ಕಸ ಊರ ನಡುವೆ ತೇಲುತ್ತಿರಲಿಲ್ಲ. ಇದರ ಮಾಡಿನಡಿ 17ನೆಯ ಶತಮಾನದಲ್ಲಿ ಕಾಸ್ಪರ್ ಮೆಗ್ಲಿಂಗರ್ ಚಿತ್ರಿಸಿದ ಸಾವಿನ ಕುಣಿತವಿದೆ. ರಾಜ, ವ್ಯಾಪಾರಿ, ವಧು, ಯಾರನ್ನೂ ಬಿಡದೆ ಎಲುಬಿನ ಹಂದರವೊಂದು ಕರೆಯಲು ಬರುತ್ತದೆ. ದಿನಾ ಸಂತೆಗೆ ಹೋಗುವ ದಾರಿಯಲ್ಲಿ ಜನರಿಗೆ ಇದನ್ನು ತೋರಿಸಿದ ಊರಿನ ಎದೆಗಾರಿಕೆಗೆ ನಾನು ಮಾರುಹೋಗಿದ್ದೇನೆ.

ಪ್ರವಾಸಿ ಬಸ್ಸುಗಳವರ ಮೇಲೆ ನನ್ನ ಸಿಟ್ಟು ಇನ್ನೂ ದೊಡ್ಡದು. ಜನರನ್ನು ಶ್ವಾನನ್‌ಪ್ಲಾಟ್ಸ್‌ನಲ್ಲಿ, ಕೈಗಡಿಯಾರದ ಅಂಗಡಿಗಳ ಮುಂದೆ ಇಳಿಸುತ್ತಾರೆ. ಮೇಲೆ ಮುಸೆಗ್ ಕೋಟೆಗೋಡೆಯ ಗೋಪುರದಲ್ಲಿ 1535ರ ಗಡಿಯಾರವಿದೆ; ಊರಿನ ಉಳಿದೆಲ್ಲ ಗಡಿಯಾರಗಳಿಗಿಂತ ಒಂದು ನಿಮಿಷ ಮೊದಲು ಗಂಟೆ ಬಾರಿಸುವ ಹಕ್ಕು ಅದರದು. ಅದನ್ನು ಕೇಳಿಸಿಕೊಳ್ಳಲು ಬಸ್ಸಿನವರು ಬಿಡುವು ಕೊಡುವುದಿಲ್ಲ. ಬಂಡೆಯಲ್ಲಿ ಕೆತ್ತಿದ ಸಿಂಹದ ಮುಂದೆ ಎರಡು ಫೋಟೊ, ಮುಗಿಯಿತು. ಅದು ಮಲಗಿದ ಸಿಂಹವಲ್ಲ, ಸಾಯುತ್ತಿರುವ ಸಿಂಹ. ಪಕ್ಕೆಯಲ್ಲಿ ಮುರಿದ ಈಟಿ ನಾಟಿದೆ. 1792ರ ಆಗಸ್ಟ್ 10ರಂದು ಪ್ಯಾರಿಸ್ಸಿನ ಅರಮನೆ ಕಾಯುತ್ತ ಸತ್ತ ಸ್ವಿಸ್ ಸೈನಿಕರ ಸ್ಮಾರಕವದು. ಅದರ ಮುಂದೆ ಹಲ್ಲು ಕಿರಿದು ನಿಲ್ಲುವವರನ್ನು ಕಂಡರೆ ನನಗೆ ಮೈ ಉರಿಯುತ್ತದೆ.

ಮಧ್ಯಾಹ್ನಕ್ಕೆ ಹಬೆಯ ಹಡಗು ಹತ್ತಬೇಕು. ಚಕ್ರದಿಂದ ನೀರು ತಳ್ಳುವ ಹಳೆಯ ಹಡಗುಗಳು ಈ ಸರೋವರದಲ್ಲಿ ಐದಿವೆ. ಹಿರಿಯದಾದ 'ಊರಿ' 1901ರದು. ಮೇಲೆ ಕೂತು ಬೆಟ್ಟ ನೋಡುವವರು ನೋಡಲಿ. ಕೆಳಗಿನ ಅಂತಸ್ತಿನ ನಡುವೆ ಎಂಜಿನ್ ತೆರೆದೇ ಇದೆ. ಉಕ್ಕಿನ ದಪ್ಪ ದಂಡಗಳು ತಿರುಗುವುದನ್ನು, ಬಿಸಿ ಎಣ್ಣೆಯ ವಾಸನೆಯನ್ನು ಬಿಟ್ಟು ನಾನು ಮೇಲೆ ಬರುವುದು ಬುತ್ತಿ ಬಿಚ್ಚಲು ಮಾತ್ರ.

ಟಿಟ್ಲಿಸ್ ಬೇಡ ಎನ್ನುತ್ತಿಲ್ಲ. ಲುಸೆರ್ನ್‌ನಿಂದ ಅದರ ಬುಡದ ಎಂಗೆಲ್‌ಬರ್ಗ್‌ಗೆ ನೇರ ರೈಲಿದೆ; ಅದಕ್ಕೆ ಬೇರೆ ದಿನ ಇಟ್ಟುಕೊಳ್ಳಿ.