ಎಪಿಂಗ್ ಕಾಡಿನ ಚಳಿಗಾಲದ ಅಣಬೆ

ಲಂಡನ್, ಜನವರಿ

ಪ್ರೀತಿಯ ಅಕ್ಕ,

ಅಣಬೆ ಅಂದರೆ ಮಳೆ ಹಿಡಿದ ಮೇಲೆ ಹುತ್ತದ ಬುಡದಲ್ಲಿ ಏಳುವುದು, ಎರಡು ದಿನಕ್ಕೆ ಹುಳ ಬಿದ್ದು ಕೊಳೆಯುವುದು. ನಮ್ಮ ಕಡೆಯ ಲೆಕ್ಕ ಅದು. ಈ ಕೊರೆಯುವ ಚಳಿಯಲ್ಲಿ ಅದರ ಫೋಟೋ ತೆಗೆಯುವುದೇನು ಬಂತು ಎಂದು ನಿನಗೆ ಅನ್ನಿಸದೆ ಇರದು. ಇಲ್ಲಿಯವರೂ ಅಣಬೆಗೆ ಅಕ್ಟೋಬರ್ ಎನ್ನುತ್ತಾರೆ. ಎಷ್ಟು ಬಗೆ ಸಿಗುತ್ತದೆ ಎಂದು ಎಣಿಸುವವರಿಗೆ ಆ ಮಾತು ಸರಿ. ಫೋಟೋ ತೆಗೆಯುವವರಿಗೆ ಮಾತ್ರ ಚಳಿಗಾಲವೇ ಮೇಲು ಅಂತ ನನ್ನ ವಾದ. ಲಂಡನ್ನಿನ ಅಂಚಿನ ಎಪಿಂಗ್ ಕಾಡನ್ನೇ ನೋಡು. ಬೀಚ್, ಹಾರ್ನ್‌ಬೀಮ್ ಮರಗಳ ಎಲೆ ಉದುರಿ, ಬೇಸಿಗೆಯಲ್ಲಿ ಕತ್ತಲು ಕವಿದಿದ್ದ ನೆಲಕ್ಕೂ ಈಗ ಬೆಳಕು ಇಳಿಯುತ್ತದೆ. ಬಿದ್ದ ದಿಮ್ಮಿಗಳು ಅಲ್ಲೇ ಕೊಳೆಯುತ್ತಿರುತ್ತವೆ. ಚಳಿಯ ಅಣಬೆಗಳಿಗೆ ಬೇಕಾದದ್ದೂ ಸತ್ತ ಮರವೇ. ವೆಲ್ವೆಟ್ ಶ್ಯಾಂಕ್ ಎಂಬುದಕ್ಕೆ ಜೇನುಬಣ್ಣದ ಅಂಟಂಟು ಟೋಪಿ. ಕಾಂಡ ಬುಡಕ್ಕೆ ಹೋದಂತೆ ಕಪ್ಪಾಗಿ, ಮಖಮಲ್ಲಿನಂಥ ನವಿರು ರೋಮ ಹೊದ್ದಿರುತ್ತದೆ. ಹೆಪ್ಪುಗಟ್ಟಿದರೂ ಅದು ಸಾಯುವುದಿಲ್ಲ, ಹಿಮ ಕರಗಿದ ಮೇಲೆ ಮತ್ತೆ ಬೀಜಕಣ ಉದುರಿಸುತ್ತದೆ. ಎಲ್ಡರ್ ಗಿಡದ ಕೊಂಬೆಗೆ ಅಂಟಿಕೊಂಡ ಜೆಲ್ಲಿ ಇಯರ್ ಒಣಗಿ ಮುರುಟಿ, ನೆನೆದಾಗ ಮತ್ತೆ ಕಿವಿಯಂತೆ ಅರಳುತ್ತದೆ. ಹುಳದ ಕಾಟವೂ ಕಡಿಮೆ. ಹಾಗಾಗಿ ಇಂದು ಬೆಳಕು ಸರಿಯಿಲ್ಲದಿದ್ದರೆ ಮುಂದಿನ ವಾರ ಅದೇ ಅಣಬೆಯ ಮುಂದೆ ಕೂರಬಹುದು. ಮಳೆಗಾಲದ ಅಣಬೆ ಅಷ್ಟು ಪುರುಸೊತ್ತು ಕೊಡುವುದಿಲ್ಲ.

ಚಳಿಯಲ್ಲಿ ಮಾತ್ರ ಹುಟ್ಟುವ ನೋಟವೂ ಒಂದಿದೆ. ಸ್ಕಾಟ್ಲೆಂಡಿನ ತೇವದ ಕಾಡುಗಳಲ್ಲಿ, ಸೊನ್ನೆ ಡಿಗ್ರಿಗಿಂತ ತುಸು ಕೆಳಗಿಳಿದ ರಾತ್ರಿ, ತೊಗಟೆ ಕಳಚಿದ ಕೊಂಬೆಯಿಂದ ರೇಷ್ಮೆಯೆಳೆಯಂಥ ಹಿಮದ ಕೂದಲು ಹೊರಡುತ್ತದೆ. ಇದಕ್ಕೆ ಶಿಲೀಂಧ್ರವೇ ಕಾರಣವಿರಬೇಕೆಂದು 1918ರಲ್ಲೇ ಊಹಿಸಿದವನು ಆಲ್ಫ್ರೆಡ್ ವೆಗೆನರ್, ಖಂಡಗಳು ಸರಿಯುತ್ತವೆ ಎಂದನಲ್ಲ, ಅವನೇ. ಯಾವ ಶಿಲೀಂಧ್ರ ಎಂಬುದು ಖಚಿತವಾಗಿದ್ದು 2015ರಲ್ಲಿ.

ಡಿಸೆಂಬರಿನಲ್ಲಿ ಎಂಟು ಗಂಟೆಯೂ ಹಗಲಿಲ್ಲ, ಅದೂ ಮಂಕು ಬೆಳಕು ಎಂಬ ಆಕ್ಷೇಪ ಬರುತ್ತದೆ. ಆದರೆ ಅಣಬೆ ಹಕ್ಕಿಯಲ್ಲವಲ್ಲ, ಹಾರಿಹೋಗುವುದಿಲ್ಲ. ಟ್ರೈಪಾಡ್ ಮೇಲೆ ಎರಡು ಸೆಕೆಂಡ್ ಶಟರ್ ತೆರೆದಿಟ್ಟರೆ ಸಾಕು. ಮೋಡದ ಬೆಳಕಿನಲ್ಲಿ ಅಂಟು ಟೋಪಿ ಕಣ್ಣು ಕುಕ್ಕುವುದೂ ಇಲ್ಲ. ಚಳಿಗೆ ಬ್ಯಾಟರಿ ಬೇಗ ಇಳಿಯುವುದು ನಿಜ, ಇನ್ನೊಂದನ್ನು ಒಳಜೇಬಿನಲ್ಲಿ ಬೆಚ್ಚಗಿಟ್ಟುಕೊಳ್ಳಬೇಕು. ಕಿತ್ತು ಮನೆಗೆ ತಂದು ಒಳ್ಳೆ ದೀಪದಡಿ ತೆಗೆಯಬಾರದೇ ಎನ್ನುವವರಿದ್ದಾರೆ. ಎಪಿಂಗಿನಲ್ಲಿ ಅಣಬೆ ಕೀಳುವುದು ನಿಷಿದ್ಧ. ನಿಷೇಧ ಇಲ್ಲದಿದ್ದರೂ, ಯಾವ ಮರದ ಮೇಲೆ, ಒಂಟಿಯಾಗೋ ಗುಂಪಾಗೋ ಎಂಬ ಗುರುತೆಲ್ಲ ಕಿತ್ತ ಕ್ಷಣವೇ ಹೋಯಿತು. ಟೋಪಿಯಡಿಯ ಪದರಗಳನ್ನು ನೋಡಲು ಪುಟ್ಟ ಕನ್ನಡಿ ಹಿಡಿದರಾಯಿತು.

ಒಂದು ಆಕ್ಷೇಪಕ್ಕೆ ಮಾತ್ರ ನನ್ನಲ್ಲಿ ಉತ್ತರವಿಲ್ಲ. ಬೀಜಕಣದ ಬಣ್ಣ ಫೋಟೋದಲ್ಲಿ ಸಿಗುವುದು ಅಪರೂಪ. ವೆಲ್ವೆಟ್ ಶ್ಯಾಂಕಿನದು ಬಿಳಿ. ಅದನ್ನೇ ಹೋಲುವ, ಮರದ ಮೇಲೇ ಬೆಳೆಯುವ ಫ್ಯೂನರಲ್ ಬೆಲ್‌ನದು ಕಂದು. ಎರಡನೆಯದು ಪ್ರಾಣ ತೆಗೆಯುವ ವಿಷ. ಅದಕ್ಕೇ ಹೇಳುತ್ತಿದ್ದೇನೆ, ಫೋಟೋ ತಲುಪಿದ ಮೇಲೆ ಇದರ ಸಾರು ಮಾಡಬಹುದಾ ಅಂತ ಮಾತ್ರ ಕೇಳಬೇಡ.

ನಿನ್ನ ತಮ್ಮ