ತಡವಾಗಿ ಬಂದ ಮದ್ದಳೆ

ಕಂಪ್ಯೂಟರಿನಲ್ಲಿ ಸಂಗೀತ ಕೂಡಿಸುವವರಿಗೆಲ್ಲ ಪರಿಚಯವಿರುವ ಪಟ್ಟಿಯೊಂದಿದೆ. ಹೆಸರು ಜನರಲ್ ಮಿಡಿ, ಹೊರಬಂದದ್ದು 1991ರಲ್ಲಿ. ಯಾವ ಕಂಪನಿಯ ಯಂತ್ರವಾದರೂ ಇಂಥ ಸಂಖ್ಯೆ ಕೊಟ್ಟರೆ ಇಂಥದೇ ವಾದ್ಯ ನುಡಿಯಬೇಕು ಎಂದು ತಯಾರಕರು ಕೂತು ಒಪ್ಪಿಕೊಂಡ 128 ಸದ್ದುಗಳು ಅದರಲ್ಲಿವೆ. ಮೊದಲನೆಯದು ಪಿಯಾನೊ. 105 ಸಿತಾರ್, 112 ಶಹನಾಯಿ. ಭಾರತದ ಪಾಲು ಅಲ್ಲಿಗೆ ಮುಗಿಯಿತು. ಜಪಾನಿನ ಟೈಕೊ ನಗಾರಿಗೆ ಜಾಗ ಸಿಕ್ಕಿದೆ, ತಬಲಾ ಮೃದಂಗಗಳಿಗಿಲ್ಲ. ಇನ್ನು ಮದ್ದಳೆಯ ಹೆಸರನ್ನು ಯಾರು ಎತ್ತುತ್ತಾರೆ? ಕೊನೆಗೆ ಬರುವಷ್ಟರಲ್ಲಿ ವಾದ್ಯಗಳೇ ಖಾಲಿಯಾದವೋ ಏನೋ, 124ಕ್ಕೆ ಹಕ್ಕಿಯ ಚಿಲಿಪಿಲಿ, 125ಕ್ಕೆ ಫೋನಿನ ಗಂಟೆ, 126ಕ್ಕೆ ಹೆಲಿಕಾಪ್ಟರ್, 127ಕ್ಕೆ ಚಪ್ಪಾಳೆ ತುಂಬಿಸಿದ್ದಾರೆ. ಕಟ್ಟಕಡೆಯ 128ನೆಯದು ಗುಂಡಿನ ಸದ್ದು.

ನನ್ನ ಎರಡು ಚಟಗಳಿಗೂ ಆ ಪಟ್ಟಿಯಲ್ಲಿ ಪಾಲಿದೆ. ಊರೂರಿನವರ ಜೊತೆ ಆನ್‌ಲೈನಿನಲ್ಲಿ ಗುಂಡು ಹಾರಿಸುವ ಆಟ ಒಂದು, ಮನೆಯ ಕಂಪ್ಯೂಟರಿನಲ್ಲಿ ತಾಳ ಕೂಡಿಸುವುದು ಇನ್ನೊಂದು. ಎರಡೂ ಅಂಟಿಕೊಂಡದ್ದು ಹುಬ್ಬಳ್ಳಿಯ ಹಾಸ್ಟೆಲಿನ ಒಂದೇ ಕೋಣೆಯಲ್ಲಿ. ಆಟದ ಹೆಸರು ಕೌಂಟರ್ ಸ್ಟ್ರೈಕ್. ಮಿನ್ ಲೀ, ಜೆಸ್ ಕ್ಲಿಫ್ ಎಂಬ ಇಬ್ಬರು ವಿದ್ಯಾರ್ಥಿಗಳು ‘ಹಾಫ್ ಲೈಫ್’ ಎಂಬ ಬೇರೊಂದು ಆಟಕ್ಕೆ 1999ರಲ್ಲಿ ತಾವಾಗಿ ಜೋಡಿಸಿದ ಹೊಸ ಅಧ್ಯಾಯ ಅದು. ಮರುವರ್ಷ ವಾಲ್ವ್ ಕಂಪನಿ ಅದನ್ನೇ ತನ್ನ ಆಟವಾಗಿ ಮಾರಿತು. ಕಿಟಕಿಯಿಂದ ಕಿಟಕಿಗೆ ನೀಲಿ ತಂತಿ ಎಳೆದು, ಕೋಣೆಯಿಂದ ಕೋಣೆಗೆ ಬೈಗುಳ ಕೂಗಿ ನಾವು ಆಡಿದೆವು. ವಾರ್ಡನ್ ಬಂದರೆ ಎಲ್ಲರ ಪರದೆಯ ಮೇಲೂ ಥರ್ಮೋಡೈನಮಿಕ್ಸ್.

ಸಂಗೀತದ ತಂತ್ರಾಂಶ ಫ್ರೂಟಿಲೂಪ್ಸ್. ಈಗ ಅದನ್ನು ಎಫ್ಎಲ್ ಸ್ಟುಡಿಯೋ ಎನ್ನುತ್ತಾರೆ. 1997ರ ಡಿಸೆಂಬರಿನಲ್ಲಿ ಬೆಲ್ಜಿಯಮ್ಮಿನ ಇಮೇಜ್ ಲೈನ್ ಹೊರತಂದದ್ದು, ಬರೆದವನು ದಿದಿಯೇ ದಾಂಬ್ರಾ. ಆ ಕಂಪನಿ ಮೊದಲು ಮಾಡುತ್ತಿದ್ದದ್ದು ಕಂಪ್ಯೂಟರ್ ಆಟಗಳನ್ನು, ದಾಂಬ್ರಾ ಕೂಡ ಆಟಗಳ ಕೋಡು ಬರೆಯುತ್ತಿದ್ದವನೇ. ಹಾಗಾಗಿ ನನ್ನ ಎರಡು ಚಟಗಳು ಅಲ್ಲಿಯೂ ಬೀಗರು. ತೆರೆದೊಡನೆ ಒಂದು ಸಾಲಿನಲ್ಲಿ 16 ಚೌಕ ಕಾಣುತ್ತವೆ. ಬೇಕಾದ ಚೌಕ ಒತ್ತಿದರೆ ಅಲ್ಲೊಂದು ಪೆಟ್ಟು. ಸಂಗೀತ ಕಲಿಯದ ಹುಡುಗನೂ ಹತ್ತು ನಿಮಿಷದಲ್ಲಿ ಡಿಸ್ಕೋ ಬಾರಿಸುತ್ತಾನೆ. ಆದರೆ ನನಗೆ ಬೇಕಾಗಿದ್ದದ್ದು ತ್ರಿವುಡೆ, ಏಳರ ಲೆಕ್ಕ. ಎರಡು ಆವರ್ತ ಮುಗಿದ ಮೇಲೂ ಎರಡು ಚೌಕ ಉಳಿದು ಕೂತಿರುತ್ತಿದ್ದವು. ಹದಿನಾರನ್ನು ಹದಿನಾಲ್ಕಕ್ಕೆ ಇಳಿಸುವ ಗುಂಡಿ ಎಲ್ಲಿದೆ ಎಂದು ಹುಡುಕುತ್ತಲೇ ನಾನು ಆ ತಂತ್ರಾಂಶವನ್ನು ಕಲಿತದ್ದು.

ತ್ರಿವುಡೆ ತಲೆಗೆ ಹೊಕ್ಕಿದ್ದು ಸಿದ್ದಾಪುರ ತಾಲೂಕಿನ ನಮ್ಮ ಮನೆಯ ಜಗಲಿಯಲ್ಲಿ. ಅಪ್ಪಯ್ಯ ಅಡಿಕೆ ತೋಟದವನು, ತಾಳಮದ್ದಳೆಯ ಹುಚ್ಚಿನವನು. ಅಡಿಕೆ ಸುಲಿಯುವ ರಾತ್ರಿಗಳಲ್ಲಿ ಮೆಟ್ಟುಗತ್ತಿಯ ಸಾಲಿನ ಪಕ್ಕ ಟೇಪ್ ರೆಕಾರ್ಡರ್, ಅದರೊಳಗೆ ಶೇಣಿ ಗೋಪಾಲಕೃಷ್ಣ ಭಟ್ಟರ ಅರ್ಥ. ವೇಷವಿಲ್ಲ, ಕುಣಿತವಿಲ್ಲ, ಪಂಚೆ ಶಾಲಿನಲ್ಲಿ ಎದುರುಬದುರು ಕೂತು ಒಬ್ಬ ರಾಮ, ಒಬ್ಬ ವಾಲಿ. ಬರಿಯ ಮಾತಿನಲ್ಲಿ ಇಡೀ ಕಿಷ್ಕಿಂಧೆ ಎದ್ದು ನಿಲ್ಲಬೇಕು. ಇಂಗ್ಲೆಂಡಿನ ಎಸೆಕ್ಸ್ ವಿಶ್ವವಿದ್ಯಾಲಯದಲ್ಲಿ ರಾಯ್ ಟ್ರಬ್‌ಶಾ ಮತ್ತು ರಿಚರ್ಡ್ ಬಾರ್ಟಲ್ 1978ರಲ್ಲಿ ‘ಮಡ್’ ಎಂಬ ಆಟ ಶುರುಮಾಡಿದರು, ಹಲವರು ಒಟ್ಟಿಗೆ ಹೊಕ್ಕು ಆಡುವ ಕಂಪ್ಯೂಟರ್ ಲೋಕಗಳಿಗೆಲ್ಲ ಅದೇ ಮೂಲಪುರುಷ. ಅದರಲ್ಲಿ ಒಂದು ಚಿತ್ರವೂ ಇರಲಿಲ್ಲ. ಕತ್ತಿ, ಗುಹೆ, ರಾಕ್ಷಸ ಎಲ್ಲವೂ ಟೈಪಿಸಿದ ಮಾತು. ಅದನ್ನು ಓದಿದ ದಿನ ನನಗೆ ನಮ್ಮ ಜಗಲಿಯೇ ಕಂಡಿತು.

2020ರ ಲಾಕ್‌ಡೌನಿಗೆ ಬೆಂಗಳೂರಿನಿಂದ ಲ್ಯಾಪ್‌ಟಾಪ್ ಹೊತ್ತು ಊರಿಗೆ ಬಂದ ನೂರಾರು ಮಾಣಿಗಳಲ್ಲಿ ನಾನೂ ಒಬ್ಬ. ಹಗಲು ಕೆಲಸ, ರಾತ್ರಿ ಪಬ್‌ಜಿ. ನಾಲ್ವರ ತಂಡ: ಸಿದ್ದಾಪುರದಿಂದ ನಾನು, ಯಲ್ಲಾಪುರದ ಮಂಚಿಕೇರಿ ಬದಿಯಿಂದ ಭಾವ, ಶಿರಸಿ ಪೇಟೆಯಲ್ಲಿ ದೇವಿಕೆರೆ ಹತ್ತಿರದ ಗೆಳೆಯ, ಅವನ ತಮ್ಮ. ಎರಂಗೆಲ್ ಎಂಬ ಎಂಟು ಕಿಲೋಮೀಟರ್ ಉದ್ದಗಲದ ನಡುಗಡ್ಡೆಗೆ ನೂರು ಜನ ಕೊಡೆ ಬಿಚ್ಚಿ ಇಳಿಯುತ್ತಾರೆ, ಕೊನೆಗೆ ಉಳಿದವರದು ಗೆಲುವು. ಆ ಪಾಳುಬಿದ್ದ ಪರದೇಶದ ಊರುಗಳಲ್ಲಿ ನಮ್ಮ ಹವ್ಯಕ ಕನ್ನಡ ಮೊಳಗುತ್ತಿತ್ತು. “ಗುಡ್ಡದ ಮೇಲೆ ಒಬ್ಬ ಇದ್ದ ಮಾರಾಯ, ತಲೆ ತಗ್ಸು!”

ಇದನ್ನು ಕೇಳಿಸಿಕೊಳ್ಳುತ್ತ ಅಪ್ಪಯ್ಯ ಕವಳ ಹಾಕುತ್ತ ಕೂತಿರುತ್ತಿದ್ದ. ಒಂದು ರಾತ್ರಿ ನಾನು ರೇಗಿ ಹೆಡ್‌ಫೋನ್ ಎಸೆದೆ. “ಎಂತಾತೋ ತಮಾ?” ಎಂದ. ಮರದ ಹಿಂದೆ ಅಡಗಿ ಕೂತವನೊಬ್ಬ ಬೆನ್ನಿಗೆ ಹೊಡೆದ ಎಂದು ದೂರು ಹೇಳಿದೆ. ಹಾಗೆ ಒಂದೇ ಕಡೆ ಹೊಂಚು ಹಾಕುವವನನ್ನು ಆಟಗಾರರು ಕ್ಯಾಂಪರ್ ಎಂದು ಹಳಿಯುತ್ತಾರೆ. ಅಪ್ಪಯ್ಯನ ಕಣ್ಣು ಅರಳಿತು. ಕವಳ ಉಗುಳಿ ಬಂದು, ವಾಲಿಯ ಪಕ್ಷ ಹಿಡಿದು, ರಾಜಧರ್ಮ, ಕ್ಷಾತ್ರಧರ್ಮ, ಮೃಗಯಾನ್ಯಾಯ ಎಲ್ಲವನ್ನೂ ಎಳೆದು ತಂದು ಅರ್ಧ ಗಂಟೆ ಅರ್ಥ ಹೇಳಿದ. ಮೈಕ್ ತೆರೆದೇ ಇತ್ತು. ಯಲ್ಲಾಪುರದ ಭಾವ ಅಲ್ಲಿಂದಲೇ ರಾಮನಾಗಿ ಉತ್ತರ ಕೊಟ್ಟ. ಎರಂಗೆಲ್ಲಿನಲ್ಲಿ ನಮ್ಮನ್ನೆಲ್ಲ ಯಾರೋ ಕೊಂದು ಹೋದರು. ಆ ವರ್ಷ ಸೆಪ್ಟೆಂಬರ್ 2ಕ್ಕೆ ಸರಕಾರ ಪಬ್‌ಜಿಯನ್ನು ಇತರ 117 ಆ್ಯಪ್‌ಗಳೊಂದಿಗೆ ನಿಷೇಧಿಸಿತು. 2021ರ ಜುಲೈನಲ್ಲಿ ಅದು ಬಿಜಿಎಂಐ ಎಂಬ ಹೊಸ ನಾಮಕರಣದೊಂದಿಗೆ ಮರಳಿತು. ನಡುವಿನ ತಿಂಗಳುಗಳಲ್ಲಿ ವಾಲಿಮೋಕ್ಷ ಮಾತ್ರ ಸುಸೂತ್ರ ನಡೆಯಿತು. (ಆಯಿಗೆ, ಅಂದರೆ ಅಮ್ಮನಿಗೆ, ಇದ್ದ ಸಂಶಯ ಒಂದೇ, ಈ ಆಟಕ್ಕೆ ದುಡ್ಡು ಕಟ್ಟುತ್ತಾರೋ ಹೇಗೆ ಎಂದು. ಇಸ್ಪೀಟಿಗೆ ತೋಟ ಕಳೆದವರ ಕಥೆ ನಮ್ಮ ಕಡೆ ಎಲ್ಲ ಆಯಿಯರಿಗೂ ಗೊತ್ತು. ಹಣ ಕಟ್ಟುವ ಆನ್‌ಲೈನ್ ಆಟಗಳನ್ನು 2025ರ ಆಗಸ್ಟಿನಲ್ಲಿ ಸಂಸತ್ತು ನಿಷೇಧಿಸಿದಾಗ ಆಯಿ ತಾನೇ ಗೆದ್ದಂತೆ ತೊಡದೇವು ಮಾಡಿದಳು.)

ಮಾತು ದೂರದಿಂದ ಕೂಡಿದರೆ ಹಾಡು ಯಾಕೆ ಕೂಡಬಾರದು? ಭಾವನಿಗೆ ಭಾಗವತಿಕೆಯ ಕಂಠವಿದೆ, ನನಗೆ ಮದ್ದಳೆ ಅಷ್ಟಿಷ್ಟು ಬರುತ್ತದೆ. ವಿಡಿಯೋ ಕಾಲ್ ಹಚ್ಚಿಕೊಂಡು ಶುರುಮಾಡಿದೆವು. ಯುದ್ಧಕ್ಕೆ ಹೊರಟ ಕರ್ಣ ಒಂದು ಪದ್ಯ ಮುಗಿಯುವುದರೊಳಗೆ ಎತ್ತಿನ ಗಾಡಿ ಹತ್ತಿದ್ದ. “ಭಾವ, ನೀ ಹಿಂದೆ ಬೀಳ್ತಾ ಇದ್ದೆ.” “ನಾ ಅಲ್ಲ, ನೀನೇ!” ಇಬ್ಬರ ಮಾತೂ ನಿಜ. ಅವನ ಸ್ವರ ನನಗೆ ತಡವಾಗಿ ಬರುತ್ತದೆ. ಅದಕ್ಕೆ ನಾನು ಬಾರಿಸಿದ ಪೆಟ್ಟು ಅವನಿಗೆ ಇನ್ನೂ ತಡವಾಗಿ ಮುಟ್ಟುತ್ತದೆ. ಅವನು ನನಗಾಗಿ ಕಾಯುತ್ತಾನೆ, ಅವನು ಕಾದನೆಂದು ನಾನು ಕಾಯುತ್ತೇನೆ. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಕ್ರಿಸ್ ಚೇಫ್ ಇಬ್ಬರಿಬ್ಬರನ್ನು ಬೇರೆ ಬೇರೆ ಕೋಣೆಯಲ್ಲಿ ಕೂರಿಸಿ ಚಪ್ಪಾಳೆ ತಟ್ಟಿಸಿ, ನಡುವಿನ ತಡವನ್ನು ಹೆಚ್ಚು ಕಡಿಮೆ ಮಾಡಿ ನೋಡಿದ್ದಾರೆ. ತಡ ಹೆಚ್ಚಾದಂತೆ ಲಯ ಕುಸಿಯುತ್ತದೆ. ತೀರ ಕಡಿಮೆಯಾದರೆ ಇಬ್ಬರೂ ಓಡತೊಡಗುತ್ತಾರೆ.

ಲೆಕ್ಕ ಕಠಿಣವಲ್ಲ. ಸದ್ದು ಗಾಳಿಯಲ್ಲಿ ಸೆಕೆಂಡಿಗೆ ಸುಮಾರು 340 ಮೀಟರ್ ಸಾಗುತ್ತದೆ, ಅಂದರೆ ಒಂದು ಮೀಟರಿಗೆ 3 ಮಿಲಿಸೆಕೆಂಡು. ಮದ್ದಳೆಯವ ಭಾಗವತರ ಮಗ್ಗುಲಲ್ಲೇ ಕೂರುವುದು ಗೌರವಕ್ಕಷ್ಟೇ ಅಲ್ಲ. ಇಬ್ಬರ ನಡುವೆ 25–30 ಮಿಲಿಸೆಕೆಂಡಿನ ಅಂತರ ಬಿದ್ದರೆ, ಅಂದರೆ ಹತ್ತು ಮೀಟರ್ ಆಚೆ ಕೂತರೆ, ಕೈ ತಡವರಿಸತೊಡಗುತ್ತದೆ. ಗಾಜಿನ ತಂತಿಯಲ್ಲಿ ಬೆಳಕೇನೋ ಸೆಕೆಂಡಿಗೆ ಎರಡು ಲಕ್ಷ ಕಿಲೋಮೀಟರ್ ಓಡುತ್ತದೆ. ಸಿದ್ದಾಪುರದಿಂದ ಯಲ್ಲಾಪುರಕ್ಕೆ ಅದು ಕಣ್ಣು ಮಿಟುಕಿಸುವ ಕೆಲಸವೂ ಅಲ್ಲ. ಆದರೆ ನಮ್ಮ ಮದ್ದಳೆ ಬೇಡ್ತಿ ಹೊಳೆ ದಾಟುವ ಮೊದಲು ಮಹಾನಗರಗಳನ್ನೆಲ್ಲ ಸುತ್ತಬೇಕು. ಮೇಲೆ ಎರಡೂ ಕಡೆಯ ಕಂಪ್ಯೂಟರುಗಳು ಸದ್ದನ್ನು ಮುಷ್ಟಿ ಮುಷ್ಟಿಯಾಗಿ ಕೂಡಿಟ್ಟೇ ಕಳಿಸುವುದು. ಸೆಕೆಂಡಿಗೆ 44,100 ತುಣುಕು, 512 ತುಣುಕಿಗೊಂದು ಮುಷ್ಟಿ ಎಂದರೂ ಅಲ್ಲೇ 12 ಮಿಲಿಸೆಕೆಂಡು ಹೋಯಿತು. ಮುಷ್ಟಿ ಚಿಕ್ಕದು ಮಾಡಿದರೆ ನನ್ನ ಹಳೆಯ ಯಂತ್ರ ಪಟಪಟ ಎನ್ನುತ್ತದೆ.

ಹಾಗಾದರೆ ಆಟ ಹೇಗೆ ನಡೆಯಿತು? ಆಟ ಸುಳ್ಳು ಹೇಳುತ್ತದೆ. 1996ರಲ್ಲಿ ಜಾನ್ ಕಾರ್ಮ್ಯಾಕ್ ‘ಕ್ವೇಕ್ ವರ್ಲ್ಡ್’ನಲ್ಲಿ ಮಾಡಿದ ಉಪಾಯ ಇದು: ನೀವು ಹೆಜ್ಜೆ ಇಟ್ಟರೆ ದೂರದ ಸರ್ವರಿನ ಒಪ್ಪಿಗೆಗೆ ಕಾಯದೆ ನಿಮ್ಮ ಕಂಪ್ಯೂಟರೇ ಹೆಜ್ಜೆ ಮುಂದಿಟ್ಟು ತೋರಿಸುತ್ತದೆ, ತಪ್ಪಿದ್ದರೆ ಆಮೇಲೆ ಸದ್ದಿಲ್ಲದೆ ತಿದ್ದುತ್ತದೆ. ಮುಂದೆ ಕೌಂಟರ್ ಸ್ಟ್ರೈಕಿನಂಥ ಆಟಗಳು ಇನ್ನೊಂದು ಹೆಜ್ಜೆ ಹೋದವು. ಗುಂಡು ಹಾರಿಸಿದವನ ಪರದೆಯಲ್ಲಿ ಆ ಕ್ಷಣ ನೀವು ಎಲ್ಲಿದ್ದಿರೋ ಅಲ್ಲಿಗೆ ಸರ್ವರು ಕಾಲವನ್ನು ಹಿಂದೆ ತಿರುಗಿಸಿ ತೀರ್ಪು ಕೊಡುತ್ತದೆ. ಓಡಿ ಗೋಡೆಯ ಮರೆ ಸೇರಿದ ಮೇಲೂ ಸತ್ತು ಬೀಳುವುದು ಇದಕ್ಕೇ. ಕಣ್ಣು ಇಂಥ ಮೋಸಗಳನ್ನು ನುಂಗಿಕೊಳ್ಳುತ್ತದೆ. ಕಿವಿ ಒಪ್ಪುವುದಿಲ್ಲ. ಭಾವ ಮುಂದೆ ಯಾವ ಸ್ವರ ಎತ್ತುತ್ತಾನೆಂದು ಊಹಿಸಿ ಮೊದಲೇ ಹಾಡಿಬಿಡುವ ಯಂತ್ರ ಬಂದರೆ ನಾನೇ ಅದನ್ನು ಬಾವಿಗೆ ಎಸೆಯುತ್ತೇನೆ.

ವಾದ್ಯದಿಂದ ವಾದ್ಯಕ್ಕೆ ಸಂಕೇತ ಸಾಗಿಸುವ ಮಿಡಿಯ ಹುಟ್ಟೇ ಜೊತೆಗಾರಿಕೆಗಾಗಿ. 1983ರ ಜನವರಿಯಲ್ಲಿ ಅಮೆರಿಕದ ಪ್ರದರ್ಶನವೊಂದರಲ್ಲಿ ವಾದ್ಯ ತಯಾರಕ ಡೇವ್ ಸ್ಮಿತ್ ಅವರ ಕೀಬೋರ್ಡನ್ನು ಜಪಾನಿನ ರೋಲ್ಯಾಂಡ್ ಕೀಬೋರ್ಡಿಗೆ ತಂತಿಯಿಂದ ಜೋಡಿಸಿದರು. ಒಂದನ್ನು ನುಡಿಸಿದರೆ ಇನ್ನೊಂದೂ ನುಡಿಯಿತು. ಪೈಪೋಟಿಯ ಕಂಪನಿಗಳು ಕೂಡಿ ಮಾಡಿದ ಆ ಏರ್ಪಾಡಿಗೆ ಸಲ್ಲುವ ಗೌರವ ದೊಡ್ಡದೇ. ಆದರೆ ತಂತಿಯ ಉದ್ದ ಹದಿನೈದು ಮೀಟರ್ ದಾಟಬಾರದೆಂದು ನಿಯಮ.

ಭಾವನಿಲ್ಲದೆ ಒಬ್ಬನೇ ಎಲ್ಲವನ್ನೂ ಕೂಡಿಸಲು ಕೂತೆ. ಅಪ್ಪಯ್ಯ ತಡೆಯಲಿಲ್ಲ. ಯಕ್ಷಗಾನದ ಶ್ರುತಿಗೆ ಪುಂಗಿಯಿದ್ದಲ್ಲಿ ಹಾರ್ಮೋನಿಯಂ ಬಂದದ್ದು, ಅದರ ಜಾಗಕ್ಕೆ ಶ್ರುತಿಪೆಟ್ಟಿಗೆ ಬಂದದ್ದು ಅವನಿಗೆ ಗೊತ್ತು. ಆಲ್ ಇಂಡಿಯಾ ರೇಡಿಯೋ 1940ರಲ್ಲಿ ಹೊರಗೆ ಹಾಕಿದ ಹಾರ್ಮೋನಿಯಂ 1971ರವರೆಗೆ ಬಾಗಿಲಲ್ಲೇ ನಿಂತಿತ್ತು, ಜನರ ಮನೆಗಳಲ್ಲಿ ಮಾತ್ರ ಆರಾಮಾಗಿ ನುಡಿಯುತ್ತಿತ್ತು. ಬೆಂಗಳೂರಿನ ಕೊಳಲು ವಾದಕ, ಎಂಜಿನಿಯರ್ ಜಿ. ರಾಜನಾರಾಯಣ್ 1979ರಲ್ಲಿ ರೂಪಿಸಿದ ಎಲೆಕ್ಟ್ರಾನಿಕ್ ತಂಬೂರಿಯ ಸಂತತಿ ಈಗ ನಮ್ಮ ದೇವರ ಕೋಣೆಯಲ್ಲೂ ಇದೆ. ಊರಿನ ಹಿರಿಯ ಮದ್ದಳೆಗಾರರೊಬ್ಬರನ್ನು ಕರೆದು ತಾ, ಧೀಂ, ತೋಂ, ನಂ ಎಂದು ಒಂದೊಂದೇ ಪೆಟ್ಟನ್ನು ಆಡಾಸಿಟಿ ತಂತ್ರಾಂಶದಲ್ಲಿ ರೆಕಾರ್ಡ್ ಮಾಡಿಕೊಂಡೆ. ಅವರಿಗೆ ಒಂದು ಪೆಟ್ಟು ಹಾಕಿ ಸುಮ್ಮನಿರುವುದೇ ಶಿಕ್ಷೆ, ಕೈ ತಾನಾಗಿ ಮುಂದಿನದಕ್ಕೆ ಹೋಗುತ್ತಿತ್ತು. ಪ್ರತಿ ಧೀಂಕಾರದ ಬಾಲದಲ್ಲಿ ಜೀರುಂಡೆ. ಅದನ್ನೆಲ್ಲ ಸೋಸಿ, ಚೌಕಗಳಿಗೆ ತುಂಬಿ, ಕೂದಲೆಳೆಯೂ ತಪ್ಪದ ತ್ರಿವುಡೆ ಮಾಡಿ ಕೇಳಿಸಿದೆ. ಅಪ್ಪಯ್ಯ ಎರಡು ಆವರ್ತ ಕೇಳಿದ. “ಈ ಮದ್ದಳೆಯವ ಉಸ್ರೇ ಬಿಡ್ತ್ನಿಲ್ಲೆ” ಎಂದು ತೋಟಕ್ಕೆ ಹೋದ.

ದಾರಿ ತೋರಿಸಿದ್ದು ನಿಂಜಾಮ್ ಎಂಬ ತಂತ್ರಾಂಶ. ವಿನ್ಆ್ಯಂಪ್ ಮಾಡಿದ ಜಸ್ಟಿನ್ ಫ್ರಾಂಕೆಲ್ ಮತ್ತು ಗೆಳೆಯರು 2005ರಲ್ಲಿ ಹೊರತಂದದ್ದು, ಉಚಿತ. ಅದು ತಡವನ್ನು ಕಡಿಮೆ ಮಾಡಲು ಹೋಗುವುದೇ ಇಲ್ಲ, ಹೆಚ್ಚು ಮಾಡುತ್ತದೆ. ಇಷ್ಟು ಮಾತ್ರೆ ಎಂದು ಮೊದಲೇ ಗೊತ್ತುಮಾಡಿದರೆ, ಎಲ್ಲರಿಗೂ ಉಳಿದವರ ನುಡಿಕೆ ಸರಿಯಾಗಿ ಅಷ್ಟೇ ಮಾತ್ರೆ ತಡವಾಗಿ ಕೇಳುತ್ತದೆ. ನಾವು 28 ಎಂದು ಕೊಟ್ಟೆವು, ತ್ರಿವುಡೆಯ ನಾಲ್ಕು ಆವರ್ತ. ಭಾವ ಹಿಂದಿನ ಸುತ್ತಿನಲ್ಲಿ ಹಾಡಿದ್ದಕ್ಕೆ ನಾನು ಈ ಸುತ್ತಿನಲ್ಲಿ ಬಾರಿಸುತ್ತೇನೆ. ಅವನು ಕೇಳುವುದು ನನ್ನ ಹಿಂದಿನ ಸುತ್ತನ್ನು. ಇಬ್ಬರೂ ಬೇರೆ ಬೇರೆ ಹಾಡು ಕೇಳುತ್ತಿರುತ್ತೇವೆ, ಆದರೆ ಇಬ್ಬರಿಗೂ ತಾಳ ಕೂಡುತ್ತದೆ. ಪದ್ಯಕ್ಕೆ ಇದು ಒಗ್ಗುವುದಿಲ್ಲ, ಸಾಹಿತ್ಯ ಎಲ್ಲೋ, ಮುಕ್ತಾಯ ಎಲ್ಲೋ. ಬರಿಯ ಆಲಾಪ, ಮದ್ದಳೆ, ಹಾರ್ಮೋನಿಯಂ ಎಂದರೆ ಸೊಗಸು. ಪ್ರಸಂಗ ಆಡುವವರು ಒಂದೇ ಜಗಲಿಗೆ ಬರಬೇಕು, ಅದಕ್ಕೆ ಬದಲಿಲ್ಲ.

ಗುರುವಾರ ರಾತ್ರಿ ಒಂಬತ್ತರ ಮೇಲೆ ನಾವು ಕೂರುತ್ತೇವೆ. ಏಳನ್ನು ತಪ್ಪದೆ ಎಣಿಸಬಲ್ಲವರು, ತಂತಿಯಿರುವ ಹೆಡ್‌ಫೋನ್ ಇದ್ದವರು ಬನ್ನಿ. ಬ್ಲೂಟೂತಿನದು ಬೇಡ, ಅದು ತನ್ನದೇ ತಡ ತರುತ್ತದೆ. ಗುಡುಗು ಕೇಳಿಸಿದ ರಾತ್ರಿ ಮಾತ್ರ ನಮ್ಮನ್ನು ಹುಡುಕಬೇಡಿ. ಹೋದ ಮಳೆಗಾಲದ ಸಿಡಿಲಿಗೆ ಮೋಡೆಮ್ ಸುಟ್ಟಿದೆ, ಈಗ ಮೋಡ ಕಪ್ಪಾದೊಡನೆ ಆಯಿಯೇ ಬಂದು ಪ್ಲಗ್ ಕಿತ್ತಿಡುತ್ತಾಳೆ.