ಸೊನ್ನೆಗೂ ಬೆಲೆಯಿರುವ ಜಾಗ

ಬಾಸ್ಟನ್‌ಗೆ ಹೋದವರು ಚಾರ್ಲ್ಸ್ ನದಿ ದಾಟಿ ಎಂಐಟಿಗೆ ಬಂದೇ ಬರ್ತಾರೆ. ದೊಡ್ಡ ಗುಮ್ಮಟದ ಮುಂದೆ ಫೋಟೋ ತೆಗೆಸ್ಕೊಂಡು ಹೊರಟುಬಿಡ್ತಾರೆ. ಗುಮ್ಮಟಕ್ಕೆ ಮುಖಮಾಡಿ ನಿಂತಾಗ ಬಲಗಡೆ ಕಾಣೋ 2ನೇ ನಂಬರ್ ಕಟ್ಟಡವನ್ನೂ ಒಮ್ಮೆ ನೋಡಿ. ಗಣಿತ ವಿಭಾಗ ಇರೋದು ಅಲ್ಲೇ.

ಅಮೆರಿಕ, ಕೆನಡಾದ ಕಾಲೇಜು ಹುಡುಗರಿಗೆ 1938ರಿಂದ ಪುಟ್ನಂ ಅನ್ನೋ ಗಣಿತ ಸ್ಪರ್ಧೆ ನಡೀತಿದೆ. ಡಿಸೆಂಬರ್‌ನ ಒಂದು ಶನಿವಾರ, ಬೆಳಿಗ್ಗೆ 3 ಗಂಟೆ, ಮಧ್ಯಾಹ್ನ 3 ಗಂಟೆ. 12 ಲೆಕ್ಕ, 120 ಅಂಕ. ಎಷ್ಟೋ ವರ್ಷ, ಬರೆದವರಲ್ಲಿ ಅರ್ಧದಷ್ಟು ಜನ ಎರಡು ಅಂಕವನ್ನೂ ದಾಟಿಲ್ಲ! ಆದರೂ ಇದರ ತಯಾರಿಗೆ ಅಂತಲೇ ಎಂಐಟಿಯಲ್ಲಿ ಮೊದಲ ವರ್ಷದವರಿಗೆ ಒಂದು ಸೆಮಿನಾರ್ ಇದೆ.

ಸೊನ್ನೆ ಬರಬಹುದು ಅಂತ ಗೊತ್ತಿದ್ದೂ ಯಾಕೆ ಬರ್ತಾರೆ? ಇಂಥ ತರಬೇತಿಯ ಒಂದು ಸುಲಭದ ಲೆಕ್ಕ ನೋಡಿ. ಎರಡಡಿ ಉದ್ದ, ಎರಡಡಿ ಅಗಲದ ಚೌಕದೊಳಗೆ ಐದು ರಂಗೋಲಿ ಚುಕ್ಕಿ ಇಡಿ, ಎಲ್ಲಿ ಬೇಕಾದ್ರೂ. ಯಾವುದಾದರೂ ಎರಡು ಚುಕ್ಕಿಗಳ ನಡುವೆ ಒಂದೂವರೆ ಅಡಿಗಿಂತ ಕಡಿಮೆ ದೂರ ಇದ್ದೇ ಇರುತ್ತೆ. ಯಾಕೆ? ಚೌಕವನ್ನು ಒಂದೊಂದಡಿಯ ನಾಲ್ಕು ಮನೆ ಮಾಡಿ. ನಾಲ್ಕು ಮನೆಗೆ ಐದು ಚುಕ್ಕಿ ಅಂದ್ರೆ ಒಂದರಲ್ಲಿ ಎರಡು ಸೇರಲೇಬೇಕು. ಆ ಮನೆಯ ಮೂಲೆಯಿಂದ ಮೂಲೆಗೇ ಇರೋದು 1.41 ಅಡಿ. ಸೂತ್ರ ಬೇಡ, ಒಂದು ಗೆರೆ ಹೊಳೆದರೆ ಸಾಕು. ಆ ಹೊಳೆಯೋ ಕ್ಷಣದ ರುಚಿಯೇ ಇವರನ್ನು ಹಿಡಿದಿಡೋದು.

ನಾವು ಸಿಇಟಿಯಲ್ಲಿ 80 ನಿಮಿಷಕ್ಕೆ 60 ಲೆಕ್ಕ ಮಾಡಿದವರು. ಗೊತ್ತಾಗಲಿಲ್ವಾ, ಮುಂದಿನದಕ್ಕೆ ಹೋಗು. ಗೊತ್ತಾಗದೇ ಇರೋದರ ಜೊತೆ ಸುಮ್ಮನೆ ಕೂರೋದನ್ನ ನಮಗೆ ಯಾರೂ ಕಲಿಸಲಿಲ್ಲ. ಆಫೀಸಿನಲ್ಲಿ ದಿನವೂ ಬೇಕಾಗೋದು ಮಾತ್ರ ಅದೇ!